ಬರೀ ಚೌಕಗಳಿದ್ದ ಮೇಲ್

೨೦೦೪ರ ಫೆಬ್ರವರಿ ೧೯, ಗುರುವಾರ ಬೆಳಿಗ್ಗೆ. ತಾಳ್ಯದ ವೀರಮ್ಮ ಹೊಳಲ್ಕೆರೆ ಠಾಣೆಗೆ ಬಂದು, ಕೂರಲು ಹೇಳಿದರೂ ಕೂರದೆ, ನಿಂತೇ ದೂರು ಹೇಳಿದರು. ಮಗಳು ಶೋಭಾರಾಣಿಗೆ ಹಿರಿಯೂರಿನ ಪ್ರದೀಪನ ಜೊತೆ ನಿಶ್ಚಿತಾರ್ಥವಾಗಿತ್ತು. ಅವಳ ನಡತೆ ಸರಿಯಿಲ್ಲವೆಂದು ಯಾರೋ ಹೆಸರು ಹಾಕದೆ ಹುಡುಗನಿಗೆ ಕನ್ನಡದಲ್ಲಿ ಇ-ಮೇಲ್ ಬರೆದಿದ್ದರು. ಮಂಗಳವಾರ ಸಂಬಂಧ ಮುರಿಯಿತು. ಅದೇ ಸಂಜೆ ಹುಡುಗಿ ವಿಷ ಕುಡಿದಳು. ಈಗ ಚಿತ್ರದುರ್ಗದ ಆಸ್ಪತ್ರೆಯಲ್ಲಿದ್ದಾಳೆ. ಉಳಿಯುತ್ತಾಳೆಂದು ಡಾಕ್ಟರೂ ಬಾಯಿಬಿಟ್ಟು ಹೇಳುತ್ತಿಲ್ಲ.

“ನನ್ನ ಮಗ್ಳು ಅಂಥೋಳಲ್ಲ ಸಾರ್. ಬರ್ದೋರನ್ನ ಹಿಡೀರಿ,” ಎಂದರು.

ಸಬ್ ಇನ್‌ಸ್ಪೆಕ್ಟರ್ ನಾಗರಾಜಪ್ಪ ಎಫ್‌ಐಆರ್ ದಾಖಲಿಸಿದರು. ಕಂಪ್ಯೂಟರ್ ಎಂದರೆ ಆ ಠಾಣೆಯಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿದ್ದ ಒಂದು ಪೆಟ್ಟಿಗೆ, ಅಷ್ಟೆ. ಮೇಲ್ ಕಂಪನಿಗೆ ಪತ್ರ ಬರೆದದ್ದಾಯಿತು. ಉತ್ತರ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದನ್ನು ನಂಬಿ ಕೂರುವ ಹಾಗಿರಲಿಲ್ಲ.

ಕಂಪ್ಯೂಟರಿನಲ್ಲಿ ಕನ್ನಡ ಬರೆಯುವವರು ಊರಲ್ಲಿ ಯಾರು ಎಂದು ವಿಚಾರಿಸಿದರೆ ಎಲ್ಲರೂ ಬಸ್ ಸ್ಟ್ಯಾಂಡ್ ಪಕ್ಕದ ಒಂದೇ ಕಂಪ್ಯೂಟರ್ ಸೆಂಟರನ್ನು ತೋರಿಸಿದರು. ಅದನ್ನು ನಡೆಸುತ್ತಿದ್ದವರು ಶೋಭಾರಾಣಿ ಮತ್ತು ಅವಳ ಗೆಳತಿ ಉಷಾರಾಣಿ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರ್ ಇಳಿಸಿಕೊಂಡಿದ್ದರು. ಇಂಗ್ಲಿಷ್ ಅಕ್ಷರದಲ್ಲಿ ‘ಅಮ್ಮ’ ಎಂದು ಒತ್ತಿದರೆ ತೆರೆಯ ಮೇಲೆ ಕನ್ನಡದಲ್ಲೇ ಮೂಡುತ್ತಿತ್ತು. ಕೇಳಿ ಬಂದವರಿಗೆಲ್ಲ ಇಬ್ಬರೂ ಅದನ್ನು ಕಲಿಸಿದ್ದರು. ಹಾಗಾಗಿ ಅರ್ಧ ಊರೇ ಅನುಮಾನಕ್ಕೆ ಸಿಕ್ಕಿತು. ಸೆಂಟರಿಗೆ ಬೀಗ ಹಾಕಿತ್ತು. ಉಷಾರಾಣಿ ಮಂಗಳವಾರದಿಂದ ಆಸ್ಪತ್ರೆಯಲ್ಲೇ ಇದ್ದಾಳೆ ಎಂದರು ಪಕ್ಕದ ಅಂಗಡಿಯವರು.

ಮಧ್ಯಾಹ್ನ ನಾಗರಾಜಪ್ಪ ಹಿರಿಯೂರಿಗೆ ಹೋಗಿ ಪ್ರದೀಪನ ಹೇಳಿಕೆ ಪಡೆದರು.

“ಮೇಲ್ ಯಾವತ್ತು ಬಂತು?”

“ಹೋದ ಗುರುವಾರ ಸಾರ್. ಆದ್ರೆ ಬರೀ ಚೌಕ ಚೌಕ ಕಾಣ್ತಿತ್ತು. ನಮ್ಮ ಆಫೀಸಿನ ಕಂಪ್ಯೂಟರಿನಾಗೆ ಕನ್ನಡ ಅಕ್ಷರ ಇರ್ಲಿಲ್ಲ. ಸೋಮವಾರ ಒಬ್ರು ಬಂದು ಹಾಕ್ಕೊಟ್ಟ ಮೇಲೇ ಓದಿದ್ದು.”

“ಅಲ್ಲೀತನಕ ಒಳಗೇನೈತೆ ಅಂತ ಯಾರಿಗೆ ಗೊತ್ತಿತ್ತು?”

“ನನಗೇ ಗೊತ್ತಿರ್ಲಿಲ್ಲ.”

ಹುಡುಗಿಯನ್ನು ಒಂದು ಮಾತು ಕೇಳಿದೆಯಾ ಎಂದದ್ದಕ್ಕೆ ಇಲ್ಲ ಎಂದ. ಅಲ್ಲ, ಅಷ್ಟೂ ಕೇಳಬಾರದಿತ್ತೆ? ಇಂಥವರನ್ನು ಒಳಗೆ ಹಾಕಲು ಯಾವ ಸೆಕ್ಷನ್ನೂ ಇಲ್ಲ.

ಶುಕ್ರವಾರ ಮಹಿಳಾ ಪೇದೆ ಉಚ್ಚಂಗಮ್ಮನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದರು. ಶೋಭಾರಾಣಿಗೆ ಅರೆಎಚ್ಚರ. ಉಷಾರಾಣಿ ಮಂಚದ ಪಕ್ಕ ಕೂತು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಮೂರು ದಿನದಿಂದ ಕಣ್ಣು ಮುಚ್ಚಿಲ್ಲವೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

“ಹೆತ್ತ ನಾನೂ ಹಿಂಗೆ ನೋಡ್ಕಳ್ಲಿಲ್ಲ ಸಾರ್,” ಎಂದರು ಹೊರಗೆ ಬಂದ ವೀರಮ್ಮ. “ಶನಿವಾರನೇ ಮನೆಗೆ ಬಂದು ಧೈರ್ಯ ಹೇಳಿದ್ಲು. ಯಾರೋ ಮೇಲ್ ಬರ್ದ್ರೆ ನಂಬೋ ಮನೆ ನಿಂಗೆ ಬ್ಯಾಡ ಬಿಡು ಅಂದ್ಲು. ಯಾವ ಮೇಲು ಏನು ಅಂತ ನಮ್ಗೆ ಆಗ ತಿಳೀಲೇ ಇಲ್ಲ.”

“ಶನಿವಾರನಾ? ಸರಿಯಾಗಿ ನೆನಪು ಮಾಡ್ಕಳ್ರಿ.”

ಶನಿವಾರವೇ. ಅವತ್ತು ಮದುವೆಯ ರವಿಕೆಗಳನ್ನು ಹೊಲಿಯಲು ಕೊಟ್ಟು ಬಂದಿದ್ದರು.

ಪ್ರದೀಪ ಓದಿದ್ದು ಸೋಮವಾರ. ಅದಕ್ಕೆ ಮೊದಲು ಒಳಗೇನಿದೆ ಎಂದು ಗೊತ್ತಿದ್ದದ್ದು ಬರೆದವರಿಗೆ ಮಾತ್ರ. ನಾಗರಾಜಪ್ಪ ಉಷಾರಾಣಿಯನ್ನು ವರಾಂಡಕ್ಕೆ ಕರೆಸಿ, ಮೇಲ್ ವಿಷಯ ಶನಿವಾರವೇ ಹೇಗೆ ಗೊತ್ತಾಯಿತು ಎಂದು ಕೇಳಿದರು. ಅವಳು ಸುಳ್ಳು ಹೇಳಲು ನೋಡಲಿಲ್ಲ.

“ನಮ್ಮ ಕಂಪ್ಯೂಟರಿನಾಗೆ ಅಕ್ಷರ ಚೆಂದಾಗಿ ಕಾಣ್ತಿತ್ತು ಸಾರ್. ಕಳಿಸಿದ ಕೂಡ್ಲೆ ಓದಿರ್ತಾರೆ ಅಂದ್ಕಂಡೆ.”

“ಯಾಕಮ್ಮ ಬರ್ದೆ?”

“ಮದುವೆ ನಿಂತ್ರೆ ಇಲ್ಲೇ ಇರ್ತಾಳಲ್ಲ ಅಂತ. ಶಾಲೆಗೆ ಹೋಗೋ ಕಾಲದಿಂದ ಒಂದು ದಿನಾನೂ ಬಿಟ್ಟಿದ್ದೋರಲ್ಲ ಸಾರ್ ನಾವು. ನಂಗೆ ಅವ್ಳನ್ನ ಬಿಟ್ರೆ ಯಾರೂ ಇಲ್ಲ. ಬರ್ದಿದ್ದೆಲ್ಲಾ ಸುಳ್ಳು. ಯಾರ ಮುಂದೆ ಬೇಕಾದ್ರೂ ಹೇಳ್ತೀನಿ.”

ಅವಳನ್ನು ದಸ್ತಗಿರಿ ಮಾಡಿದರು. ಸಂಜೆ ಹೊಳಲ್ಕೆರೆಯ ಸೆಂಟರಿನಲ್ಲಿ ಪಂಚರ ಮುಂದೆ ಕಂಪ್ಯೂಟರ್ ವಶಪಡಿಸಿಕೊಂಡು ಪಂಚನಾಮೆ ಬರೆದರು.

ಭಾನುವಾರ ಶೋಭಾರಾಣಿಗೆ ಪೂರ್ತಿ ಎಚ್ಚರವಾಯಿತು. ಇನ್ನು ಜೀವಕ್ಕೆ ಭಯವಿಲ್ಲ, ಹೊಟ್ಟೆ ತುಂಬ ಕುಡಿಸಿ ಎಂದರು ಡಾಕ್ಟರ್. ನಾಗರಾಜಪ್ಪ ಹೇಳಿಕೆ ಪಡೆಯಲು ಬಂದಾಗ ವೀರಮ್ಮ ಗಂಜಿಯ ಲೋಟ ಹಿಡಿದು ನಿಂತಿದ್ದರು. ಹುಡುಗಿ ಬಾಗಿಲ ಕಡೆಗೇ ನೋಡುತ್ತ, ಉಷಾ ಎಲ್ಲಿ ಎಂದಳು. ವೀರಮ್ಮ ಒಮ್ಮೆ ನಾಗರಾಜಪ್ಪನವರ ಮುಖ ನೋಡಿ, ಊರಿಗೆ ಹೋಗಿದ್ದಾಳೆ ಎಂದರು.

“ಅವ್ಳು ಬರ್ಲಿ,” ಎಂದು ಶೋಭಾರಾಣಿ ಲೋಟವನ್ನು ಪಕ್ಕಕ್ಕೆ ಸರಿಸಿದಳು. “ಅವ್ಳ ಕೈಲೇ ಕುಡೀತೀನಿ.”