ಎಡಕ್ಕೆ ವಾಲಿದ ಸದ್ದು

ನೆಲದಡಿಯ ನೀರು ಕಳುವಾಗಿತ್ತು.

ಡೂಶಿಮಾ ಕಂಪ್ಯೂಟರನ್ನು ನನ್ನತ್ತ ತಿರುಗಿಸಿದಳು. ನಾನು ಅವಳಿದ್ದ ನೀರು ಹುಡುಕುವ ತಂಡದ ಜೀಪಿನ ಚಾಲಕ. ನನಗೆ ಕಂಡದ್ದು ಬರೀ ಗೀಚು, ಆದರೂ ತಲೆಯಾಡಿಸಿದೆ.

"ನೀರಿನ ಪದರ ಇಲ್ಲೇ ಕಾಣಬೇಕಿತ್ತಣ್ಣ. ಏನೋ ಗದ್ದಲ ಅದನ್ನ ನುಂಗಿಬಿಟ್ಟಿದೆ."

ನಮ್ಮ ಕೆಲಸ ಇಷ್ಟೇ. ಊರ ಬಲತುದಿಯಲ್ಲಿ ಕಬ್ಬಿಣದ ಹಲಗೆಗೆ ಸುತ್ತಿಗೆಯಿಂದ ಹೊಡೆಯುವುದು. ಸಾಲಾಗಿ ನೆಲಕ್ಕೆ ಚುಚ್ಚಿದ ಯಂತ್ರದ ಕಿವಿಗಳು ಒಳಗಿಂದ ಮರಳುವ ಸದ್ದನ್ನು ಕೇಳುವುದು. ತಂತಿ ಎಳೆದು ಜೋಡಿಸುವಷ್ಟರಲ್ಲಿ ದಿನಾ ಮಧ್ಯಾಹ್ನ, ಊರೆಲ್ಲ ಊಟಕ್ಕೆ ಕುಟ್ಟುವ ಹೊತ್ತು. ಅದಕ್ಕೇ ನಮ್ಮ ಯಜಮಾನರು, ಓಗಾ ಇಯೋರ್ತಿಮ್, ಊರಿಗೆ ಅಪ್ಪಣೆ ಮಾಡಿದ್ದರು: ಯಾರೂ ಒನಕೆ ಎತ್ತಕೂಡದು.

ಬೆನುಯೆ ಸೀಮೆಯ ಟಿವ್ ಜನಕ್ಕೆ ಬೆಂದ ಯಾಮ್ ಗಡ್ಡೆಯನ್ನು ಕುಟ್ಟಿ ಮುದ್ದೆ ಮಾಡಬೇಡಿ ಅನ್ನುವುದೆಂದರೆ, ಉಸಿರಾಡಿ ಆದರೆ ಮೂಗು ಬಳಸಬೇಡಿ ಅಂದ ಹಾಗೆ. ಆದರೂ ಊರು ಒಪ್ಪಿತು. ಕೊಳವೆಬಾವಿ ಬೇಕಿತ್ತು. ಮಕ್ಕಳು ಬೇಯಿಸಿದ ಗಡ್ಡೆಯನ್ನು ಹಾಗೇ ಕಚ್ಚಿ ತಿಂದರು.

ಸುತ್ತಿಗೆಯ ಪಕ್ಕದ ಮನೆ ಇವೆರೆನ್ ಅಜ್ಜಿಯದು. ಓಗಾ ಮುಂಜಾಗ್ರತೆಗೆ ಆಕೆಯ ಒರಳು-ಒನಕೆಯನ್ನೇ ಜಪ್ತಿ ಮಾಡಿ, ಸಾಲಿನ ಎಡತುದಿಯಲ್ಲಿ ಮಾವಿನ ಮರದಡಿಯಿದ್ದ ತಮ್ಮ ಡೇರೆಗೆ ಹೊರಿಸಿದ್ದರು. ಗದ್ದಲ ಮಾತ್ರ ನಿಲ್ಲಲಿಲ್ಲ.

ಸಂಜೆ ಊರೆಲ್ಲ ಆ ಮಾವಿನ ಮರದಡಿ ಸೇರಿತು.

"ಅಜ್ಜಿ, ಬೇರೆ ಒರಳು ಯಾರ ಹತ್ರ ಇಸ್ಕೊಂಡೆ?" ಓಗಾ ಕೇಳಿದರು. "ನಿನ್ನ ಒಂದು ತುತ್ತಿಗೋಸ್ಕರ ಬಾವಿ ಪಕ್ಕದೂರಿಗೆ ಹೋಗುತ್ತೆ. ಗೊತ್ತಾ?"

"ನಾನು ಕುಟ್ಟಿಲ್ಲಪ್ಪ."

"ಮತ್ತೆ ಯಾರು? ನಿನ್ನ ಸತ್ತ ಗಂಡನಾ?"

ಯಾರೋ ನಕ್ಕರು. ಉಳಿದವರು ಅಜ್ಜಿಯಿಂದ ಒಂದು ಹೆಜ್ಜೆ ದೂರ ಸರಿದರು. ಅಜ್ಜಿ ಸೆರಗಿನಂತೆ ಹೊದ್ದಿದ್ದ ಕಪ್ಪು-ಬಿಳಿ ಪಟ್ಟೆಯ ಬಟ್ಟೆಯನ್ನು ಮುಖದವರೆಗೆ ಎಳೆದುಕೊಂಡಳು. ಈ ಕಳಂಕ ಹೊತ್ತು ಆಕೆ ಆ ಊರಲ್ಲಿ ಇನ್ನು ಯಾರ ಬಾಗಿಲಿಗೆ ಹೋದಾಳು?

ಡೂಶಿಮಾ ಎದ್ದಳು.

"ಓಗಾ, ಒಂದು ಪ್ರಶ್ನೆ. ಮಧ್ಯಾಹ್ನ ಊಟಕ್ಕೆ ಏನಿತ್ತು?"

"ಅದಕ್ಕೂ ಇದಕ್ಕೂ ಏನಮ್ಮ ಸಂಬಂಧ?"

"ಹೇಳ್ತೀನಿ. ಚಿತ್ರದಲ್ಲಿ ಎಲ್ಲ ಸದ್ದೂ ಒಂದರ ಮೇಲೊಂದು ಬಿದ್ದಿತ್ತು. ಸದ್ದು ಒಂದೊಂದು ಕಿವಿಗೆ ಒಂದೊಂದು ಹೊತ್ತಿಗೆ ಮುಟ್ಟೋದ್ರಿಂದ ಓರೆ ಗೆರೆ ಬೀಳುತ್ತೆ. ಅದಕ್ಕೆ ಓರೆಯಾಗಿ ಕೂಡಿಸಿದೆ. ಒಂದೊಂದೇ ಓರೆ ಹಿಡಿದು, ಆ ಓರೇಲಿ ಬಂದಿದ್ದನ್ನೆಲ್ಲ ಒಟ್ಟುಮಾಡೋದು. ಒಂದೇ ದಿಕ್ಕಿಂದ ಒಂದೇ ವೇಗದಲ್ಲಿ ಬಂದಿದ್ದು ಒಂದೇ ಕಡೆ ಗುಡ್ಡೆ ಬೀಳುತ್ತೆ."

"ಸಂತೆ ಮುಗಿದ ಮೇಲೆ ಜನ ಅವರವರ ಊರಿನ ಲಾರಿ ಹತ್ತಿದ ಹಾಗೆ," ಎಂದೆ ನಾನು. ನನ್ನನ್ನು ಯಾರೂ ಕೇಳಿರಲಿಲ್ಲ.

"ಹೂಂ. ಸುತ್ತಿಗೆ ಸದ್ದು ಒಂದು ಕಡೆ ಗುಡ್ಡೆ ಬಿತ್ತು. ಗದ್ದಲ ಅದರ ಎದುರು ಕಡೆ. ಅಂದ್ರೆ ಅದು ಬಲದಿಂದ ಬಂದಿದ್ದಲ್ಲ — ಎಡಕ್ಕೆ ವಾಲಿದೆ. ಅಜ್ಜಿ ಮನೆ ಇರೋದು ಬಲಕ್ಕೆ. ಎಡತುದೀಲಿ ಏನಿದೆ?"

ಎಲ್ಲರೂ ಮರ ನೋಡಿದರು. ಆಮೇಲೆ ಡೇರೆ ನೋಡಿದರು.

"ಹೋಗೋ ಬರೋ ಬೈಕಿರಬೋದು..." ಓಗಾ ಅಂದರು.

"ಬೈಕಾಗಿದ್ರೆ ಜಾಗ ಬದಲಾಗ್ತಿತ್ತು. ಇದು ಇದ್ದಲ್ಲೇ ಇದೆ. ನೆಲದ ಮೇಲ್ಪದರದಲ್ಲೇ ನಿಧಾನಕ್ಕೆ ತೆವಳಿ ಬಂದಿದೆ. ಯಾವುದೋ ಭಾರ ನೆಲಕ್ಕೆ ಕುಟ್ತಾ ಇತ್ತು." ಅವಳು ಡೇರೆಯ ಪರದೆ ಸರಿಸಿದಳು. "ಜಪ್ತಿ ಮಾಡಿದ ಒರಳು ಒಣಗಿರ್ಬೇಕಲ್ವಾ, ಓಗಾ? ಇದ್ಯಾಕೆ ಒದ್ದೆ?"

ಒರಳಿನ ಅಂಚಿಗೆ ಬೆಳ್ಳಗಿನ ಗಡ್ಡೆ ಅಂಟಿತ್ತು.

ತಂಡದವರಾದ ನಾವೆಲ್ಲ ನಮ್ಮ ಚಪ್ಪಲಿಗಳನ್ನು ಮೊದಲ ಸಲ ಕಂಡವರಂತೆ ನೋಡಿಕೊಂಡೆವು. ನಮ್ಮ ಅಡುಗೆಯವನು ಮರದ ಹಿಂದಕ್ಕೆ ಸರಿದ.

"ಕುಟ್ಟಿದ್ದಿಲ್ದೆ ನಂಗೆ ಊಟ ಇಳಿಯಲ್ಲ," ಓಗಾ ನೆಲಕ್ಕೆ ಹೇಳಿದರು. "ಊರಿಗೆ ಬೇಡ ಅಂದೆ... ನಾವೂ ಅದರಲ್ಲಿ ಸೇರ್ತೀವಿ ಅಂತ ತಲೆಗೇ ಹೋಗ್ಲಿಲ್ಲ."

"ಗದ್ದಲದ ಗುಡ್ಡೆ ಅಳಿಸಿ, ಉಳಿದಿದ್ದನ್ನ ತಿರುಗಿ ಚಿತ್ರ ಮಾಡಿದೀನಿ," ಎಂದಳು ಡೂಶಿಮಾ. "ನೀರಿದೆ. ಬಾವಿ ಇಲ್ಲೇ."

ಯಾರೂ ಕೇಕೆ ಹಾಕಲಿಲ್ಲ. ದೂರ ಸರಿದಿದ್ದವರಿಗೆ ತಿರುಗಿ ಹತ್ತಿರ ಬರುವ ಹೆಜ್ಜೆ ಬಲು ಉದ್ದವಾಯಿತು.

ಅಜ್ಜಿ ಒರಳಿನ ಅಂಚನ್ನು ಬೆರಳಿಂದ ಸವರಿದಳು.

"ನುಣ್ಣಗಾದ್ರೂ ಆಗಿತ್ತಾ ಮಗಾ?"

ಓಗಾ ಸುಳ್ಳು ಹೇಳಬಹುದಿತ್ತು.

"ಇಲ್ಲಜ್ಜಿ. ಬರೀ ಗಂಟು."

ಒರಳನ್ನು ಡೇರೆಗೆ ತರುವಾಗ ಇಬ್ಬರು ಹೊತ್ತಿದ್ದರು. ಹಿಂದಿರುಗುವಾಗ ಓಗಾ ಒಬ್ಬರೇ ತಲೆಯ ಮೇಲೆ ಹೊತ್ತರು. ಜೀಪು ತರಲೇ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಲೂ ಅವರಿಂದ ಆಗಲಿಲ್ಲ.