ಕೇರೆ ಗಂಡನಲ್ಲ, ನಾಗರ ಹೆಂಡತಿಯಲ್ಲ

ಹಾವುಗಳು ಇನ್ನೂ ಮನುಷ್ಯರ ಜೊತೆ ಮಾತಾಡುತ್ತಿದ್ದ ಕಾಲ. ಆಗ ಹುತ್ತಗಿರಿ ಅಂತ ಒಂದು ರಾಜ್ಯವಿತ್ತು. ಅದರ ದೊರೆ ಬಿಜ್ಜರಸನಿಗೆ ಒಂದೇ ಹುಚ್ಚು: ನೆರೆ ರಾಜ್ಯಗಳ ಮೇಲೆ ಹಾವಿನ ದಂಡು ಬಿಡಬೇಕು. ಆ ಹಾವಿಗೆ ನಾಗರನ ವಿಷ ಇರಬೇಕು, ಕೇರೆಯ ಓಟ ಇರಬೇಕು. ಎರಡನ್ನೂ ಕೂಡಿಸಿ ಅಂಥ ಹಾವು ಹುಟ್ಟಿಸಿಕೊಡುತ್ತೇನೆ ಅಂತ ಕಾಳಂಬೋಜನೆಂಬ ಮಂತ್ರವಾದಿ ಅರಮನೆಯಲ್ಲಿ ತಳವೂರಿದ್ದ.

ಊರವರಿಗೆ ಅನುಮಾನವೇ ಇರಲಿಲ್ಲ. ನಾಗರ ಹೆಣ್ಣು, ಕೇರೆ ಅದರ ಗಂಡ ಅಂತ ಮುತ್ತಜ್ಜನ ಕಾಲದಿಂದ ನಂಬಿದವರು ಅವರು. ಎರಡು ಹಾವು ಹೆಣೆದುಕೊಂಡಿದ್ದು ಕಂಡರೆ ದೂರದಿಂದಲೇ ಬಿಳಿ ಬಟ್ಟೆ ಎಸೆದು, ಕೈಮುಗಿದು ಓಡಿಬರುತ್ತಿದ್ದರು. ಬಟ್ಟೆಯ ಕೆಳಗೆ ಯಾವ ಹಾವಿದೆ ಅಂತ ಒಬ್ಬನಾದರೂ ನೋಡಿದ್ದನೇ? ಇಲ್ಲ ಬಿಡಿ!

ಹಾವು ಹಿಡಿಯುವ ದುರುಗ ಮಾತ್ರ ತುಂಬಿದ ಸಭೆಯಲ್ಲಿ, "ಇದು ಆಗದ ಮಾತು" ಅಂದುಬಿಟ್ಟ. ದೊರೆ ಅವನನ್ನು ಪಂಜರಕ್ಕೆ ಹಾಕಿ, ಹಾವಿನ ಗುಂಡಿಯ ಮೇಲೆ ಹಗ್ಗದಲ್ಲಿ ತೂಗುಹಾಕಿಸಿದ. ಹೊಸ ಹಾವು ಮೊದಲು ಕಚ್ಚುವುದು ಇವನನ್ನೇ ಅಂದ.

ದುರುಗನ ಅಕ್ಕ ಕೆಂಚವ್ವ ಸುದ್ದಿ ಕೇಳಿ ನೆಟ್ಟಗೆ ಅರಮನೆಗೆ ಬಂದಳು. ಬಾಗಲೂ ಇಲ್ಲ, ನಡುಗಲೂ ಇಲ್ಲ.

"ನನ್ನ ತಮ್ಮ ಹೇಳಿದ್ದು ನಿಜ, ದೊರೆಗಳೇ. ಅವನನ್ನು ಬಿಡಿ."

"ಎಷ್ಟು ಕೊಬ್ಬೇ ನಿನಗೆ!" ದೊರೆ ಗುಡುಗಿದ. "ಕಾಳಂಬೋಜ ಮೂರು ಸಲ ತೋರಿಸುತ್ತಾನೆ. ಮೂರೂ ಸುಳ್ಳೆಂದು ತೋರಿಸು, ತಮ್ಮನನ್ನು ಕರಕೊಂಡು ಹೋಗು. ಒಂದರಲ್ಲಿ ಸೋತರೂ ನೀನೂ ಗುಂಡಿಗೆ!"

"ಆಗಲಿ" ಅಂದಳು ಕೆಂಚವ್ವ.

ಮೊದಲ ಸಲ ಕಾಳಂಬೋಜ ಎಲ್ಲರನ್ನೂ ತೋಟಕ್ಕೆ ಕರೆದ. ಅಲ್ಲಿ ಬಿಳಿ ಬಟ್ಟೆಯೊಂದು ಎದ್ದೆದ್ದು ಕುಣಿಯುತ್ತಿತ್ತು. "ನೋಡಿ, ನಾಗರ ಕೇರೆಯರ ಮದುವೆ!" ಎಲ್ಲರೂ ಕೈಮುಗಿದರು. ಕೆಂಚವ್ವ ಹೋಗಿ ಬಟ್ಟೆಯನ್ನು ಸರಕ್ಕನೆ ಎಳೆದಳು. "ಅಯ್ಯೋ, ಮನೆ ಹಾಳಾಯ್ತು!" ಅಂತ ಸಭೆಯೇ ಕೂಗಿಕೊಂಡಿತು. ಕೆಳಗಿದ್ದದ್ದು ಎರಡೂ ಕೇರೆ.

"ಎರಡೂ ಗಂಡು. ಹೆಣ್ಣಿಗಾಗಿ ಕುಸ್ತಿ ಹಿಡಿದಿವೆ. ಇಷ್ಟು ವರ್ಷ ನೀವು ಕೈಮುಗಿದದ್ದು ಕುಸ್ತಿಗೆ" ಅಂದಳು.

"ಹೌದು ಕಣಕ್ಕ, ಬಟ್ಟೆ ಬೇರೆ ಹಾಕಿದ್ದಾರೆ, ಸೆಕೆ!" ಅಂತು ಒಂದು ಕೇರೆ.

ಎರಡನೇ ಸಲ ಕಾಳಂಬೋಜ ಮಡಕೆ ತುಂಬ ಮೊಟ್ಟೆ ತಂದ. ಕೇರೆ ಅಪ್ಪ, ನಾಗರ ಅಮ್ಮ ಅಂದ. ಮೊಟ್ಟೆ ಒಡೆದವು. ಕೆಂಚವ್ವ ಒಂದು ಮರಿಯನ್ನು ಕೇಳಿದಳು: "ನಿಮ್ಮಪ್ಪ ಯಾರಪ್ಪ?"

ಮರಿ ಪುಟ್ಟ ಹೆಡೆ ಬಿಚ್ಚಿತು. "ನಮ್ಮಪ್ಪನೂ ನಾಗರನೇ. ಈ ಗಡ್ಡದವನು ನಮ್ಮನ್ನು ಹುತ್ತದಿಂದ ಕದ್ದ."

ಮಂತ್ರಿಗೆ ಕುತೂಹಲ. "ಹಾಗಾದರೆ ಬೇರೆ ಬೇರೆ ಹಾವು ಕೂಡೋದೇ ಇಲ್ಲವೇನವ್ವ?"

"ತೀರ ಹತ್ತಿರದ ಬಳಗವಾದರೆ ಕೂಡಿದ್ದುಂಟು ಸ್ವಾಮಿ. ಎರಡು ಬಗೆಯ ಹೆಬ್ಬಾವನ್ನು ಒಟ್ಟಿಗೆ ಸಾಕಿ ಮರಿ ಮಾಡಿಸಿದ್ದನ್ನು ನಾನೇ ಕಂಡಿದ್ದೇನೆ. ಆದರೆ ನಾಗರಕ್ಕೂ ಕೇರೆಗೂ ಹಾವು ಅನ್ನೋ ಹೆಸರೊಂದೇ ನಂಟು."

ಮೂರನೇ ಸಲ ಕಾಳಂಬೋಜನ ಕಣ್ಣು ಕೆಂಪಾಯಿತು. ಎರಡು ಮಾರುದ್ದದ ಹಾವೊಂದನ್ನು ಗುಂಡಿಯ ದಂಡೆಗೆ ಬಿಟ್ಟ. ಮುಂದೆ ನಾಗರನ ಹೆಡೆ, ಹಿಂದೆ ಕೇರೆಯ ಮೈ. ಅದು ಪಂಜರದ ಕಡೆಗೆ ಹಾರಿತು. ಕೆಂಚವ್ವ ಅಡ್ಡ ನಿಂತಳು.

"ನಾನು ಹುತ್ತಕ್ಕೆ ಹೋಗಬೇಕು" ಅಂತು ಹಾವಿನ ಮುಂಭಾಗ. "ನಾನು ಗದ್ದೆಗೆ ಹೋಗಬೇಕು" ಅಂತ ಅತ್ತಿತು ಹಿಂಭಾಗ. ನಡುವಿನಲ್ಲಿ ಮಂತ್ರಿಸಿದ ಕರಿದಾರದ ಗಂಟು! ಕೆಂಚವ್ವ ಬಗ್ಗಿ ಹಲ್ಲಿನಿಂದ ಅದನ್ನು ಕಡಿದಳು. ಇಡೀ ನಾಗರವೊಂದು, ಇಡೀ ಕೇರೆಯೊಂದು ಬೇರೆಯಾಗಿ ತಮ್ಮ ತಮ್ಮ ದಾರಿ ಹಿಡಿದವು. ಗಂಟು ಹಾರಿಹೋಗಿ ಕಾಳಂಬೋಜನ ನಾಲಿಗೆಗೆ ಬಿತ್ತು. ಅವನು ಬ್ಯಾ ಬ್ಯಾ ಅನ್ನುತ್ತ ಕಾಡು ಪಾಲಾದ.

ದೊರೆ ಕೊಟ್ಟ ಮಾತಿಗೆ ನಿಂತನೇ? ಎಲ್ಲಿಂದ ಬಂತು! "ನನ್ನ ಮಾನ ಕಳೆದೆ. 'ಆಗುತ್ತದೆ' ಅಂತ ಒಂದೇ ಒಂದು ಸಲ ಹೇಳು. ಇಲ್ಲವಾದರೆ ಹಗ್ಗ ಕಡಿಸುತ್ತೇನೆ" ಅಂದ.

ಕೆಂಚವ್ವನ ಕಣ್ಣಲ್ಲಿ ನೀರು ಬಂತು. ಪಂಜರದಿಂದ ದುರುಗ, "ಹೇಳಬೇಡ ಅಕ್ಕಾ!" ಅಂತ ಕೂಗಿದ.

"ಹೇಳಲ್ಲ ದೊರೆಗಳೇ. ನಾನು ಇವತ್ತು ಹೂಂ ಅಂದರೆ ನಾಳೆ ಇನ್ನೊಬ್ಬಳ ತಮ್ಮ ಅಲ್ಲಿ ತೂಗಾಡ್ತಾನೆ."

"ಕಡಿಯೋ ಹಗ್ಗ!"

ಹಗ್ಗದ ಬಳಿಯ ಕಾವಲುಗಾರ ಕತ್ತಿ ಎತ್ತಿದ. ದುರುಗನ ಮುಖ ನೋಡಿದ. ಕತ್ತಿ ಕೆಳಗಿಟ್ಟ. "ನಾನೂ ನೋಡಿದೆ ಮಹಾಸ್ವಾಮಿ. ಆಗಲ್ಲ. ಕಡಿಯಲ್ಲ."

"ನಾನೂ ನೋಡಿದೆ" ಅಂದ ಮಂತ್ರಿ. "ನಾವೂ ನೋಡಿದ್ವಿ" ಅಂತು ಊರು. ದೊರೆ ಸುತ್ತ ನೋಡಿದ. ತನ್ನ ಕಡೆ ಒಬ್ಬನೂ ಇಲ್ಲ. ಕಿರೀಟ ಅಲ್ಲೇ ಬಿಟ್ಟು ಹಿತ್ತಿಲ ಬಾಗಿಲಿನಿಂದ ಹೋದವನು ಮತ್ತೆ ಬರಲಿಲ್ಲ.

ಹತ್ತು ಜನ ಸೇರಿ ಪಂಜರವನ್ನು ದಂಡೆಗೆ ಎಳೆದುಕೊಂಡರು. ಅಕ್ಕ ತಮ್ಮ ತಬ್ಬಿಕೊಂಡು ಅತ್ತರು, ಆಮೇಲೆ ನಕ್ಕರು. ಅಂದಿನಿಂದ ಹುತ್ತಗಿರಿಯಲ್ಲಿ ಸಿಂಹಾಸನದ ಮೇಲೆ ಯಾರೇ ಕೂತರೂ ಅದರ ಮುಂದೆ ನಿಂತು ಇಲ್ಲ ಅನ್ನುವುದಕ್ಕೆ ಯಾರೂ ಹೆದರಲಿಲ್ಲ, ಎಲ್ಲರೂ ಸುಖವಾಗಿದ್ದರು.