ಇಳಿಜಾರು ಕಲಿಸದ ಸ್ಕೂಲು

ಬ್ರೇಕ್ ಹಿಡಿಯಲಿಲ್ಲ!

ಡ್ರೈವರ್ ಪೆಡಲ್ ಮೇಲೆ ಹೆಚ್ಚುಕಡಿಮೆ ಎದ್ದೇ ನಿಂತಿದ್ದ. ಉಸ್ಸ್... ಉಸ್ಸ್... ಗಾಳಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಕನ್ನಡಿಯಲ್ಲಿ ನೋಡಿದೆ. ಹಿಂದಿನ ಚಕ್ರಗಳಿಂದ ಬಿಳಿ ಹೊಗೆ ಏಳುತ್ತಿತ್ತು. ಕ್ಯಾಬಿನ್ ತುಂಬಾ ಸುಟ್ಟ ವಾಸನೆ.

ಎಡಕ್ಕೆ ಬೆಟ್ಟ. ಬಲಕ್ಕೆ ಏನೂ ಇಲ್ಲ... ತುಂಬಾ ಕೆಳಗೆ ಯಾರದೋ ಮನೆಯ ಮಾಡು ಕಾಣುತ್ತಿತ್ತು.

ಲಾರಿ ತುಂಬಾ ನೆಲಕ್ಕೆ ಹಾಸುವ ಟೈಲ್ಸ್. ಅಷ್ಟೂ ಭಾರ ಹಿಂದಿನಿಂದ ನಮ್ಮನ್ನು ನೂಕುತ್ತಿತ್ತು.

"ಗೇರ್ ಇಳಿಸೋ!" ಅಂದೆ.

"ಬೀಳ್ತಾ ಇಲ್ಲ ಸಾರ್..."

ಅವನು ಲಿವರ್ ಎಳೆದ. ಒಳಗೆ ಗರಗರ ಸದ್ದಾಯಿತು. ಮತ್ತೆ ಎಳೆದ. ಮತ್ತೆ ಅದೇ ಸದ್ದು.

ಆಗ ನನ್ನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಅಕ್ಕನ ಮಗಳು.

ಯಾಕೆ ಮಾಡ್ತಿದ್ದಾಳೆ ಅಂತ ನನಗೆ ಗೊತ್ತಿತ್ತು. ಅದಕ್ಕೇ ಎತ್ತೋಕೆ ಕೈ ಬರಲಿಲ್ಲ.

ಇರಿ ಡಾಕ್ಟ್ರೇ, ಸ್ವಲ್ಪ ಹಿಂದಕ್ಕೆ ಹೋಗ್ತೀನಿ. ನಿಮ್ಮ ಬಾಮೈದ ಲಾರಿ ಕಲೀಬೇಕು, ಕಂಪನಿ ಸ್ಕೂಲು ಒಳ್ಳೇದಾ ಪ್ರೈವೇಟ್ ಒಳ್ಳೇದಾ ಅಂತ ನೀವು ಕೇಳಿದ್ರಲ್ಲ... ಅದಕ್ಕೆ ಉತ್ತರ ಇದರಲ್ಲೇ ಇದೆ.

ನಾನು ಒಂದು ಲಾರಿ ಕಂಪನಿಯ ಮನುಷ್ಯ. ಮನೆಯವರಿಗೆ ಆಫೀಸ್ ಕೆಲಸ ಅಂತ ಹೇಳಿದ್ದೀನಿ. ಸುಳ್ಳು. ಓಡಿಹೋದ ಡ್ರೈವರ್‌ಗಳನ್ನು ಹಿಡಿದು ತರೋದು ನನ್ನ ಕೆಲಸ.

ಕಂಪನಿಗೆ ಅದರದೇ ಡ್ರೈವಿಂಗ್ ಸ್ಕೂಲು ಇದೆ. ಫೀಸ್ ಇಲ್ಲ. ಊಟ, ಮಲಗೋ ಜಾಗ ಅವರದೇ. ಪಾಸಾದ ದಿನವೇ ಕೈಗೆ ಲಾರಿ. ಬದಲಿಗೆ ಒಂದು ಬಾಂಡ್... ಎರಡು ವರ್ಷ ಅವರು ಕೊಟ್ಟ ಲಾರಿ, ಅವರು ಹೇಳಿದ ದಾರಿ. ನಡುವೆ ಬಿಟ್ಟರೆ ಕಲಿಸಿದ ಖರ್ಚನ್ನೆಲ್ಲ ಕಕ್ಕಬೇಕು. ಕಕ್ಕೋಕೆ ಆಗದವರು ಓಡುತ್ತಾರೆ. ಅವರ ಹಿಂದೆ ನಾನು ಓಡುತ್ತೀನಿ.

ಯಾಕಪ್ಪಾ ಓಡಿದೆ ಅಂತ ನಾನು ಯಾರನ್ನೂ ಕೇಳಿದವನಲ್ಲ. ಕೇಳ್ತಾ ಕೂತರೆ ಕೆಲಸ ಕೆಡುತ್ತೆ.

ಹೋದ ವಾರ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ ಟೈಲರ್. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮಿಷನ್, ಕುರ್ಚಿ ಮೇಲೆಲ್ಲ ಬಟ್ಟೆ. ಕೂರೋಕೆ ಜಾಗ ಇಲ್ಲದೆ ಬಾಗಿಲಲ್ಲೇ ನಿಂತಿದ್ದೆ.

ಅವಳ ಮಗಳಿಗೆ ಲಾರಿ ಡ್ರೈವರ್ ಆಗಬೇಕಂತೆ. ನಾನು ಅವಳನ್ನು ಕುಳ್ಳಿ ಅಂತಲೇ ಕರೆಯೋದು.

"ಪೆಡಲ್‌ಗೆ ಕಾಲು ಸಿಗುತ್ತೇನೇ?" ಅಂದೆ.

"ಸೀಟ್ ಮುಂದಕ್ಕೆ ಎಳ್ಕೊಳ್ತೀನಿ ಮಾಮ. ಮೇಷ್ಟ್ರು ಆಗುತ್ತೆ ಅಂದಿದಾರೆ."

ಮೇಷ್ಟ್ರು ಅಂದರೆ ಊರಾಚೆ ಪ್ರೈವೇಟ್ ಸ್ಕೂಲು ನಡೆಸುವ ಮುದುಕ. ಒಂದು ತಗಡಿನ ಶೆಡ್ಡು. ಒಂದೇ ಒಂದು ಹಳೇ ಲಾರಿ. ಕಲಿಯೋಕೆ ಬಂದವರನ್ನು ಮೊದಲು ಗಾಡಿ ಕೆಳಗೆ ತೂರಿಸುತ್ತಾನೆ, ಆಮೇಲೆ ಸೀಟಿನ ಮೇಲೆ ಕೂರಿಸುತ್ತಾನೆ. ಫೀಸ್ ಮುಂಗಡ ಕೊಡಬೇಕು. ಕಲಿತ ಮೇಲೆ ಕೆಲಸ ನೀವೇ ಹುಡುಕಿಕೊಳ್ಳಬೇಕು. ಬಾಂಡ್ ಗೀಂಡ್ ಏನೂ ಇಲ್ಲ.

ಆ ಫೀಸಿಗೆ ಒಂದು ಮಿಷನ್ ಮಾರಲು ಅಕ್ಕ ತಯಾರಿದ್ದಳು. ಗಿರಾಕಿಯನ್ನೂ ನೋಡಿಟ್ಟಿದ್ದಳು.

"ಮಿಷನ್ ಯಾಕೆ ಮಾರ್ತೀಯ ಅಕ್ಕಾ? ನಮ್ಮ ಕಂಪನಿ ಇದೆಯಲ್ಲ. ಪುಕ್ಕಟೆ ಕಲಿಸ್ತಾರೆ."

"ಬಾಂಡ್ ಇದೆಯಂತಲ್ಲೋ. ಭಯ ಆಗುತ್ತೆ."

"ನಾನಿಲ್ವಾ ಅಲ್ಲಿ?"

ಅಷ್ಟೇ ಮಾತು. ಅಕ್ಕನ ಮುಖ ಅರಳಿತು. ನಾನು ಊಟ ಮಾಡಿ ಎದ್ದು ಬಂದೆ. ಕುಳ್ಳಿಯ ಮುಖ ಮಾತ್ರ ಅರಳಲಿಲ್ಲ. ಬಾಂಡಿಗೆ ಸೈನ್ ಮಾಡೋಕೆ ಇವತ್ತು ಸಂಜೆಯವರೆಗೆ ಟೈಮ್ ಇತ್ತು.

ಇವತ್ತು ಬೆಳಗ್ಗೆ ಮ್ಯಾನೇಜರ್ ಫೋನ್ ಬಂತು.

"ಬೆಟ್ಟದ ಮೇಲೆ ಕ್ಯಾಂಟೀನ್ ಹತ್ರ ನಮ್ಮ ಗಾಡಿ ನಿಂತಿದೆ. ಡ್ರೈವರ್ ಕೀ ಬಿಟ್ಟು ನಾಪತ್ತೆ. ಸಂಜೆಯೊಳಗೆ ಲಾರಿ ಕೆಳಗಿಳೀಬೇಕು."

"ಇಳಿಸ್ತೀನಿ ಸಾರ್."

ಹೋದೆ. ಡ್ರೈವರ್ ದೂರವೇನೂ ಹೋಗಿರಲಿಲ್ಲ, ಅದೇ ಕ್ಯಾಂಟೀನ್ ಮೂಲೆಯಲ್ಲಿ ಕೂತಿದ್ದ. ದಪ್ಪ ಕನ್ನಡಕ, ಇಸ್ತ್ರಿ ಮಾಡಿದ ಶರ್ಟು. ಹೊಸ ಲೈಸೆನ್ಸಿನವನು. ನನ್ನನ್ನು ನೋಡಿದ್ದೇ ತಟ್ಟೆ ಬಿಟ್ಟು ಎದ್ದ.

ಅಡಿಗೆ ಕೋಣೆ ಒಳಗಿಂದ ನುಗ್ಗಿದ. ನಾನೂ ನುಗ್ಗಿದೆ. ಬಕೆಟ್ ಉರುಳಿತು... ಯಾರೋ ಬೈದರು... ಹಿಂಬಾಗಿಲು... ನಿಂತ ಲಾರಿಗಳ ಸಂದಿ. ಅವನು ಗಾಡಿಗಳ ಕೆಳಗೆ ತೂರಿ ಆಚೆ ಹೋದ. ನಾನು ಸುತ್ತು ಹಾಕಿ ಬಂದು ಕಾಲರ್ ಹಿಡಿದೆ. ನನಗೆ ಇದೆಲ್ಲ ಅಭ್ಯಾಸ.

"ಗಾಡಿ ಹತ್ತು."

"ಆಗಲ್ಲ ಸಾರ್. ನಾನು ಇಳಿಜಾರಲ್ಲಿ ಓಡಿಸಿಲ್ಲ."

"ಲೈಸೆನ್ಸ್ ಇದೆಯೋ ಇಲ್ವೋ?"

"ಇದೆ ಸಾರ್. ಆದ್ರೆ ನಮಗೆ ಕಲಿಸಿದ್ದು ಯಾರ್ಡಲ್ಲಿ. ಸಿಮೆಂಟ್ ನೆಲ. ಗೋಡೆ ಮೇಲೆ ಕೆಂಪು ಗೆರೆ ಹಾಕಿರ್ತಾರೆ. ಗೆರೆ ಕಂಡಾಗ ತಿರುಗಿಸು, ಅನುಮಾನ ಬಂದ್ರೆ ಬ್ರೇಕ್ ಒತ್ತು ಅಂತ ಅಷ್ಟೇ ಹೇಳಿಕೊಟ್ಟಿದ್ದು. ಆಮೇಲೆ ಹೈವೇಲಿ ಒಂದು ರೌಂಡು. ಬೆಟ್ಟ ಹತ್ತೋವಾಗ ಹೇಗೋ ಹತ್ತಿಸಿದೆ. ಮೇಲೆ ನಿಂತು ಕೆಳಗೆ ನೋಡಿದೆ ನೋಡಿ... ಕೈಕಾಲೇ ಆಡಲಿಲ್ಲ. ಬೇರೆ ಯಾರನ್ನಾದ್ರೂ ಕಳಿಸಿ ಅಂತ ಆಫೀಸಿಗೆ ಫೋನ್ ಮಾಡಿದ್ದೆ ಸಾರ್. ಬಾಂಡ್ ನೆನಪಿದೆಯಾ ಅಂದ್ರು."

ಓಡಿಹೋದವನು ಯಾಕೆ ಓಡಿದೆ ಅಂತ ತಾನಾಗಿಯೇ ಹೇಳಿದ್ದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಇಂಥ ಕತೆ ಎಷ್ಟು ಕೇಳಿಲ್ಲ ಅಂದುಕೊಂಡೆ.

"ಹೆಂಡತಿ ಎಲ್ಲಿ ಕೆಲಸ ಮಾಡ್ತಾಳೆ ಅಂತ ನನಗೆ ಗೊತ್ತು. ಅಲ್ಲಿಗೆ ಹೋಗಿ ಬಾಂಡ್ ವಿಷಯ ಮಾತಾಡ್ಲಾ?"

ಅವನು ಕನ್ನಡಕ ಒರೆಸಿಕೊಂಡ. ಲಾರಿ ಹತ್ತಿದ. ಮತ್ತೆ ಜಿಗಿದು ಓಡಬಾರದು ಅಂತ ನಾನು ಪಕ್ಕದಲ್ಲಿ ಕೂತೆ.

ಮೊದಲ ತಿರುವಿನಿಂದಲೇ ಅವನ ಕಾಲು ಬ್ರೇಕ್ ಮೇಲೆ. ತೆಗೆಯಲೇ ಇಲ್ಲ. ಅವನಿಗೆ ಕಲಿಸಿದ್ದೇ ಅದು. ನನಗೂ ಗೊತ್ತಿರಲಿಲ್ಲ... ನಾನು ಕಾರು ಬಿಟ್ಟರೆ ಬೇರೇನೂ ಓಡಿಸಿದವನಲ್ಲ. ಹುಷಾರಾಗಿ ಓಡಿಸ್ತಿದಾನೆ ಅಂತ ಖುಷಿಯೇ ಪಟ್ಟೆ.

ಆಮೇಲೆ ಹೊಗೆ ಬಂತು.

ಈಗ ಫೋನಿಗೆ ಬರೋಣ. ಎತ್ತಿದೆ. ಅವಳು ಬಾಯಿ ತೆರೆಯುವ ಮೊದಲೇ ಹೇಳಿದೆ.

"ಸೈನ್ ಮಾಡ್ಬೇಡ ಕುಳ್ಳಿ! ಕೇಳಿಸ್ತಾ? ಬೇಡ!"

"ಮಾಮ, ಅದೇನು ಸದ್ದು? ಎಲ್ಲಿದೀಯ?"

"ಲಾರೀಲಿ. ಬೆಟ್ಟ ಇಳೀತಿದೀವಿ. ಬ್ರೇಕ್ ಹಿಡೀತಿಲ್ಲ."

ಆಮೇಲೆ ಬಂದ ದನಿ ನಮ್ಮ ಮನೆ ಹುಡುಗಿಯದು ಅನ್ನಿಸಲೇ ಇಲ್ಲ.

"ಹೊಗೆ ಬರ್ತಿದೆಯಾ?"

"ಬರ್ತಿದೆ."

"ಗೇರ್ ಎಲ್ಲಿದೆ?"

ಡ್ರೈವರ್‌ನನ್ನು ಕೇಳಿದೆ. "ನ್ಯೂಟ್ರಲ್..." ಅಂದ. ಅಳುತ್ತಿದ್ದ.

"ಅಯ್ಯೋ ಮಾಮ... ಇಳಿಯೋಕೆ ಮುಂಚೆ, ಮೇಲೇ ಗೇರ್ ಇಳಿಸ್ಬೇಕಿತ್ತು. ಇನ್ನು ಬೀಳಲ್ಲ. ಆ ಪ್ರಯತ್ನ ಬಿಡೋಕೆ ಹೇಳು. ಎರಡೂ ಕೈ ಸ್ಟೀರಿಂಗ್ ಮೇಲೆ ಇಡ್ಲಿ. ನೀನು ಹಾರ್ನ್ ಒತ್ಕೊಂಡೇ ಇರು. ದೊಡ್ಡ ಟವರ್ ದಾಟಿದ್ರಾ?"

"ಮುಂದೆ ಕಾಣ್ತಿದೆ."

"ಟವರ್ ಆದಮೇಲಿನ ತಿರುವಲ್ಲಿ ಎಡಗಡೆ ಜಲ್ಲಿ ತುಂಬಿದ ದಾರಿ ಇದೆ. ಮೇಲಕ್ಕೆ ಏರುತ್ತೆ. ಬ್ರೇಕ್ ಹೋದ ಗಾಡಿಗಳಿಗೇ ಮಾಡಿರೋದು. ನೇರ ಅದಕ್ಕೆ ನುಗ್ಗಿಸಿ. ಹೆದರಿ ವಾಪಸ್ ತಿರುಗಿಸ್ಬಾರ್ದು."

"ನಿನಗೆ ಹೇಗೆ ಗೊತ್ತು?"

"ನಿನ್ನೆ ಮೇಷ್ಟ್ರು ಒಂದು ಪುಕ್ಕಟೆ ಕ್ಲಾಸಿಗೆ ಕರೆದಿದ್ರು. ಮೊದಲನೇ ಪಾಠಾನೇ ಈ ರಸ್ತೆ. ನಿಲ್ಲಿಸೋದು ಕಲಿಯೋವರೆಗೆ ಓಡಿಸೋದು ಕಲಿಸಲ್ಲ ಅಂದ್ರು."

ಒಂದೇ ಒಂದು ಕ್ಲಾಸು. ನಮ್ಮ ಸ್ಕೂಲಿನ ಸರ್ಟಿಫಿಕೇಟ್ ಹಿಡಿದವನು ಪಕ್ಕದಲ್ಲಿ ಅಳುತ್ತಿದ್ದ.

ಟವರ್ ಹಿಂದಕ್ಕೆ ಹೋಯಿತು. ಎದುರಿಗೆ ಒಂದು ಬಸ್ಸು ಬರುತ್ತಿತ್ತು. ಕಿಟಕಿಗಳಲ್ಲಿ ತಲೆಗಳು... ನಾನು ಹಾರ್ನ್ ಮೇಲೆ ಪೂರ್ತಿ ಅಂಗೈ ಒತ್ತಿದೆ. ಬಸ್ಸು ಬೆಚ್ಚಿ ಅಂಚಿಗೆ ಸರಿಯಿತು. ನಮ್ಮ ಕನ್ನಡಿ ಅದಕ್ಕೆ ತಾಗಿ ಹಾರಿಹೋಯಿತು.

"ಎಡಕ್ಕೆ! ಜಲ್ಲಿ ಕಡೆಗೆ!"

"ಬೆಟ್ಟಕ್ಕೆ ಗುದ್ದುತ್ತೆ ಸಾರ್!"

"ಗುದ್ದಲಿ!"

ಸ್ಟೀರಿಂಗ್ ರಸ್ತೆ ಕಡೆಗೆ ವಾಪಸ್ ಹೊರಳಿತು. ನಾನು ಅಡ್ಡ ಬಿದ್ದು ಹಿಡಿದು ಎಳೆದೆ. ಇಬ್ಬರೂ ಸೇರಿ ಎಳೆದೆವು. ಲಾರಿ ಜಲ್ಲಿಗೆ ನುಗ್ಗಿತು. ಕಲ್ಲುಗಳು ಗಾಜಿಗೆ ಸಿಡಿದವು. ಚಕ್ರಗಳು ಹೂತುಕೊಂಡವು. ಹಿಂದೆ ಟೈಲ್ಸ್ ಎಲ್ಲ ಒಟ್ಟಿಗೆ ಸರಿದ ಸದ್ದು... ನನ್ನ ಬಲ ಮಂಡಿ ಡ್ಯಾಶ್‌ಬೋರ್ಡಿಗೆ ಬಡಿಯಿತು.

ಲಾರಿ ನಿಂತಿತು.

ಆಮೇಲೆ ಅವನೇ ನನ್ನನ್ನು ಇಳಿಸಿ ಜಲ್ಲಿಯ ಮೇಲೆ ಕೂರಿಸಿದ. ಮಂಡಿ ಇರಬೇಕಾದ ಕಡೆ ಇರಲಿಲ್ಲ. ಅವನ ಕನ್ನಡಕದ ಒಂದು ಗಾಜು ಒಡೆದಿತ್ತು. ನನ್ನ ಫೋನನ್ನು ಹುಡುಕಿ ತಂದು ಕೈಗೆ ಕೊಟ್ಟ. ನಾನು ಅವನ ಹೆಂಡತಿಯ ಹೆಸರೆತ್ತಿ ಹೆದರಿಸಿದ್ದೆ. ಅವನು ನನ್ನ ಕಾಲಿಗೆ ತನ್ನ ಇಸ್ತ್ರಿ ಶರ್ಟು ಬಿಚ್ಚಿ ಕಟ್ಟುತ್ತಿದ್ದ. ನಾಚಿಕೆಯಿಂದ ತಲೆ ಎತ್ತೋಕೆ ಆಗಲಿಲ್ಲ.

"ತಪ್ಪು ನಂದು," ಅಂದೆ.

"ನಾನು ಮೊದಲೇ ಹೇಳಿದ್ದೆ ಸಾರ್," ಅಂದ. ಸಿಟ್ಟಿನಿಂದಲೂ ಹೇಳಲಿಲ್ಲ. ಅದು ಇನ್ನೂ ಚುಚ್ಚಿತು.

ಮ್ಯಾನೇಜರ್ ಫೋನ್ ಬಂತು.

"ಲಾರಿ ಕೆಳಗೆ ಬಂತಾ?"

"ಅರ್ಧ ಬಂದಿದೆ."

"ಟೈಲ್ಸ್?"

"ಅದೂ ಅರ್ಧರ್ಧ ಆಗಿದೆ."

"ಡ್ರೈವರ್ ಎಲ್ಲಿ?"

ಅವನು ನನ್ನ ಎದುರಿಗೇ ಕೂತು ಗಂಟು ಬಿಗಿಯುತ್ತಿದ್ದ. ಕೈ ನಿಲ್ಲಿಸಿ ನನ್ನನ್ನೇ ನೋಡಿದ.

"ಓಡಿಹೋದ ಸಾರ್. ಯಾವ ದಿಕ್ಕಿಗೆ ಅಂತ ನೋಡೋಕೆ ಆಗಲಿಲ್ಲ."

ಫೋನ್ ಇಟ್ಟೆ. ಈ ಕೆಲಸಕ್ಕೆ ಸೇರಿದ ಮೇಲೆ ನಾನು ಬಿಟ್ಟು ಕಳಿಸಿದ ಮೊದಲ ಮನುಷ್ಯ ಅವನು. ತಾನೇ ಫೋನ್ ಮಾಡಿ ಕರೆಸಿದ ಆ್ಯಂಬುಲೆನ್ಸಿನ ಸದ್ದು ಕೇಳಿದ ಮೇಲೆ ಎದ್ದು, ಒಂದೇ ಗಾಜಿನ ಕನ್ನಡಕದಲ್ಲಿ ದಾರಿ ಹುಡುಕಿಕೊಂಡು ಇಳಿದು ಹೋದ.

ಕುಳ್ಳಿಗೆ ಫೋನ್ ಮಾಡಿದೆ.

"ಬದುಕಿದೀವಿ ಕಣೇ."

ಅವಳು ಅತ್ತಳು. ಅತ್ತು ಮುಗಿಯಲಿ ಅಂತ ಕಾದೆ.

"ಸರಿ. ಇನ್ನು ಆ ಕಂಪನಿ ಕಡೆ ತಲೆ ಹಾಕ್ಬೇಡ. ಅಮ್ಮನಿಗೆ ಮಿಷನ್ ಮಾರೋಕೆ ಹೇಳು. ಸಾಲದಿದ್ರೆ ನಾನಿದೀನಿ."

ಅವಳು ಮೂಗು ಏರಿಸಿಕೊಂಡ ಸದ್ದು ಕೇಳಿಸಿತು.

"ಕುಳ್ಳಿ?"

"ನಾನು ಫೋನ್ ಮಾಡಿದ್ದು ಕೇಳೋಕಲ್ಲ ಮಾಮ. ಹೇಳೋಕೆ. ಬೆಳಗ್ಗೇನೇ ಹೋಗಿ ಸೈನ್ ಮಾಡಿ ಬಂದೆ. ನನಗೆ ಮನಸ್ಸಿರಲಿಲ್ಲ. ಮಾಮ ಹೇಳಿದ ಮೇಲೆ ಮತ್ತೇನು ಅಂದ್ಲು ಅಮ್ಮ."

ಮಂಡಿಯ ನೋವು ಅಷ್ಟು ಹೊತ್ತು ತಡೆದುಕೊಂಡಿದ್ದೆ. ಇದನ್ನು ತಡೆಯೋಕೆ ಆಗಲಿಲ್ಲ.

"ನಾಳೆ ಯಾರ್ಡಿಗೆ ಹೋಗ್ಬೇಡ," ಅಂದೆ. "ಸೀದಾ ಮೇಷ್ಟ್ರ ಶೆಡ್ಡಿಗೆ ಹೋಗು."

"ಬಾಂಡ್ ಆಗಿದೆಯಲ್ಲ ಮಾಮ. ಓಡಿಹೋದ್ರೆ ಬಿಡಲ್ವಂತೆ. ಹಿಡಿದು ತರೋಕೇ ಕಂಪನೀಲಿ ಒಬ್ಬ ಇದಾನಂತೆ. ಕರುಣೆ ಅನ್ನೋದೇ ಇಲ್ಲದವನಂತೆ. ಇವತ್ತಿನವರೆಗೆ ಒಬ್ಬರನ್ನೂ ಬಿಟ್ಟಿಲ್ವಂತೆ. ನಿಮ್ಮ ಆಫೀಸಲ್ಲೇ ಇರೋದು... ನಿನಗೆ ಗೊತ್ತಾ ಅವನು?"

ಆ್ಯಂಬುಲೆನ್ಸಿನವರು ನನ್ನನ್ನು ಸ್ಟ್ರೆಚರ್ ಮೇಲೆ ಎತ್ತಿ ಹಾಕುತ್ತಿದ್ದರು.

"ಚೆನ್ನಾಗಿ ಗೊತ್ತು. ನೀನು ಧೈರ್ಯವಾಗಿ ಓಡು ಕುಳ್ಳಿ... ಅವನ ಮಂಡಿ ಇವತ್ತೇ ಪುಡಿಯಾಗಿದೆ."